ಸ್ಕ್ರಾಲ್ ಲಾಕ್ ಕೀಲಿ ಎಲ್ಲಿದೆ?

ಪ್ರಯೋಗಶಾಲೆಗೆ ಹೊಸ ವರ್ನಿಯರ್ ಕ್ಯಾಲಿಪರ್ಸ್ ಬಂದರೆ ನಾವು ಮೊದಲು ನೋಡುವುದು ಅದರ ಶೂನ್ಯ ದೋಷವನ್ನು. ದವಡೆಗಳನ್ನು ಮುಚ್ಚಿದಾಗ ಎರಡೂ ಶೂನ್ಯಗಳು ಒಂದೇ ನೇರದಲ್ಲಿ ಬರುತ್ತವೆಯೇ? ಇಲ್ಲವಾದರೆ ವ್ಯತ್ಯಾಸ ಎಷ್ಟು? ಅದನ್ನು ಬರೆದಿಟ್ಟ ನಂತರವೇ ಅಳತೆಗೆ ತೊಡಗುತ್ತೇವೆ. ಗಣಕದಲ್ಲಿ ಬಳಸುವ ತಂತ್ರಾಂಶವೂ ಒಂದು ಉಪಕರಣವೇ. ಆದರೆ ಅದಕ್ಕೆ ಇಂತಹ ಪರೀಕ್ಷೆ ಮಾಡುವವರು ಕಡಿಮೆ. ಕೆಲಸ ಕೆಟ್ಟಾಗ ತಪ್ಪು ಉಪಕರಣದ್ದಿರಬಹುದು ಎಂದು ನಮಗೆ ತೋಚುವುದೇ ಇಲ್ಲ. "ನನಗೆ ಕಂಪ್ಯೂಟರ್ ಅಷ್ಟಾಗಿ ಬರುವುದಿಲ್ಲ" ಎಂದು ಹೇಳಿ ಪಕ್ಕದವರನ್ನು ಕರೆಯುತ್ತೇವೆ. ಮೂವತ್ತು ವರ್ಷ ಪಾಠ ಮಾಡಿದ ಅಧ್ಯಾಪಕರೂ ಹೀಗೆ ಹೇಳುವುದನ್ನು ಕೇಳಿದ್ದೇನೆ.

ಅಮೆರಿಕದ ಮನೋವಿಜ್ಞಾನಿ ಡೊನಾಲ್ಡ್ ನಾರ್ಮನ್ 1988ರಲ್ಲಿ ದಿನಬಳಕೆಯ ವಸ್ತುಗಳ ವಿನ್ಯಾಸದ ಬಗ್ಗೆ ಒಂದು ಪುಸ್ತಕ ಬರೆದರು. ಅದರ ತಿರುಳು ಸರಳವಾದದ್ದು. ಬಾಗಿಲನ್ನು ದೂಡಬೇಕೋ ಎಳೆಯಬೇಕೋ ಎಂದು ಬರುವವರೆಲ್ಲ ತಡಕಾಡುತ್ತಿದ್ದರೆ ದಡ್ಡರು ಬರುವವರಲ್ಲ, ಬಾಗಿಲನ್ನು ಮಾಡಿದವರು ಯೋಚಿಸಿಲ್ಲ ಎಂದರ್ಥ. ಇದನ್ನು ತಂತ್ರಾಂಶಕ್ಕೆ ಅನ್ವಯಿಸಿದರೆ ಒಂದು ಒಳ್ಳೆಯ ಪ್ರಶ್ನೆ ಸಿಗುತ್ತದೆ: ನಾನು ಮಾಡಬೇಕಾದ ಕೆಲಸಕ್ಕೆ ಸಂಬಂಧವೇ ಇಲ್ಲದ ಎಷ್ಟು ಸಂಗತಿಗಳನ್ನು ಈ ತಂತ್ರಾಂಶ ನನ್ನಿಂದ ನಿರೀಕ್ಷಿಸುತ್ತದೆ? ಆ ಸಂಖ್ಯೆಯೇ ಅದರ ಶೂನ್ಯ ದೋಷ.

ಕೊಲ್ಲಮೊಗ್ರಿನಂತಹ ಊರಿನಲ್ಲಿ ಇದಕ್ಕೆ ಮತ್ತೊಂದು ಪ್ರಶ್ನೆಯನ್ನು ಸೇರಿಸಬೇಕು. ಸುಳ್ಯ ತಾಲೂಕಿನ ಈ ಊರು ಪಶ್ಚಿಮ ಘಟ್ಟದ ಬುಡದಲ್ಲಿದೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ಹೇಳುವಂತಿಲ್ಲ, ಅದರ ಜೊತೆಗೆ ನೆಟ್ ಕೂಡ. ಹಾಗಾಗಿ ಸಂಪರ್ಕ ಇಲ್ಲದಾಗ ಈ ವಸ್ತು ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದನ್ನೂ ಕೇಳಲೇಬೇಕು. ಬೆಂಗಳೂರಿನಲ್ಲಿ ಕುಳಿತು ತಂತ್ರಾಂಶ ತಯಾರಿಸುವವರು ಈ ಪ್ರಶ್ನೆಯನ್ನು ಮರೆಯುವುದುಂಟು.

ಮೊದಲಿಗೆ, ನಮ್ಮ ಅಧ್ಯಾಪಕರು ಗಣಕದಲ್ಲಿ ಅತಿ ಹೆಚ್ಚು ಮಾಡುವ ಕೆಲಸವನ್ನೇ ನೋಡೋಣ. ಅದು ಕನ್ನಡದಲ್ಲಿ ಪ್ರಶ್ನೆಪತ್ರಿಕೆ ತಯಾರಿಸುವುದು. ಹತ್ತನೆಯ ತರಗತಿಯ ವಿದ್ಯುತ್ ಪಾಠವೆಂದು ಇಟ್ಟುಕೊಳ್ಳಿ. ವಾಕ್ಯ ಕನ್ನಡದ್ದು. ನಡುವೆ ವಿಭವಾಂತರ, ಪ್ರವಾಹ, ರೋಧಗಳ ಇಂಗ್ಲಿಷ್ ಸಂಕೇತಾಕ್ಷರಗಳು ಬರುತ್ತವೆ. ಓಮ್‌ಗೆ ಒಂದು ಗ್ರೀಕ್ ಅಕ್ಷರ ಬೇಕು. ಅಂದರೆ ಒಂದೇ ಸಾಲಿನಲ್ಲಿ ಎರಡು ಮೂರು ಲಿಪಿಗಳ ನಡುವೆ ಹಿಂದೆ ಮುಂದೆ ಹೋಗುತ್ತಿರಬೇಕು. ಕನ್ನಡ ತಂತ್ರಾಂಶದ ಬಳಕೆಯ ಸುಲಭತೆಯನ್ನು ಪರೀಕ್ಷಿಸಲು ಭೌತಶಾಸ್ತ್ರದ ಪ್ರಶ್ನೆಪತ್ರಿಕೆಗಿಂತ ಕಠಿಣವಾದ ಸಾಮಗ್ರಿ ಇನ್ನೊಂದಿಲ್ಲ.

ಬಹಳ ವರ್ಷ ಈ ಕೆಲಸ ನಡೆದದ್ದು ಕರ್ನಾಟಕ ಸರಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ತಯಾರಿಸಿದ "ನುಡಿ" ಮತ್ತು ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ "ಬರಹ" ತಂತ್ರಾಂಶಗಳಲ್ಲಿ. ಇವು ಬಾರದಿದ್ದರೆ ಕನ್ನಡ ಮಾಧ್ಯಮದ ಅಧ್ಯಾಪಕರು ಗಣಕದ ಹತ್ತಿರ ಸುಳಿಯುತ್ತಿದ್ದರೇ ಎಂಬುದೇ ಸಂಶಯ. ಆ ಋಣ ದೊಡ್ಡದು. ಹಾಗೆಂದು ವಿಮರ್ಶೆ ಬೇಡವೆಂದಲ್ಲ.

ನುಡಿಯ ಹಳೆಯ ಆವೃತ್ತಿಗಳಲ್ಲಿ ಕನ್ನಡ ಮೂಡಬೇಕಾದರೆ ಎರಡು ಸಂಗತಿಗಳು ಒಟ್ಟಿಗೆ ಸರಿಯಿರಬೇಕಿತ್ತು. ಒಂದು, ಕೀಲಿಮಣೆ ಕನ್ನಡದ ಸ್ಥಿತಿಯಲ್ಲಿರಬೇಕು. ಇನ್ನೊಂದು, ಆಯ್ದ ಅಕ್ಷರಶೈಲಿ, ಅಂದರೆ ಫಾಂಟ್, ನುಡಿಯದ್ದಾಗಿರಬೇಕು. ಇಂಗ್ಲಿಷ್ ಬೇಕಾದಾಗ ಎರಡನ್ನೂ ಬದಲಿಸಬೇಕು. ಮೆಟ್ಟಿಲ ಬಳಿ ಮೇಲೊಂದು ಕೆಳಗೊಂದು ಸ್ವಿಚ್ ಇಟ್ಟು ಒಂದೇ ದೀಪವನ್ನು ಉರಿಸುತ್ತೇವಲ್ಲ, ಅದೇ ಮಂಡಲ ಇದು. ಎರಡು ಸ್ವಿಚ್, ನಾಲ್ಕು ಸ್ಥಿತಿ. ಅವುಗಳಲ್ಲಿ ಎರಡು ಮಾತ್ರ ಸರಿ. ಮೆಟ್ಟಿಲಲ್ಲಾದರೆ ದೀಪ ಹತ್ತಿತೇ ಇಲ್ಲವೇ ಎಂದು ಕೂಡಲೇ ಕಾಣುತ್ತದೆ. ಇಲ್ಲಿ ಹಾಗಲ್ಲ. ಅಧ್ಯಾಪಕರ ಕಣ್ಣು ಪಕ್ಕದಲ್ಲಿರುವ ಕೈಬರಹದ ಪ್ರತಿಯ ಮೇಲಿರುತ್ತದೆ. ಒಂದು ಸಾಲು ಬೆರಳಚ್ಚಾದ ಮೇಲೆ ತಲೆ ಎತ್ತಿ ನೋಡಿದರೆ ಪರದೆಯ ಮೇಲೆ ಯಾವ ಭಾಷೆಗೂ ಸೇರದ ಅಕ್ಷರಗಳ ಸಂತೆ.

ಒಂದೇ ಕೀಲಿ ಬೇರೆಬೇರೆ ಸ್ಥಿತಿಯಲ್ಲಿ ಬೇರೆಬೇರೆ ಕೆಲಸ ಮಾಡುವುದರಿಂದ ಆಗುವ ಈ ಬಗೆಯ ಎಡವಟ್ಟು ಗಣಕ ವಿಜ್ಞಾನಿಗಳಿಗೆ ಹೊಸತೇನಲ್ಲ. ನಾವು ದಿನಕ್ಕೆ ನೂರು ಸಲ ಬಳಸುವ ನಕಲು ಮತ್ತು ಅಂಟಿಸು ಸೌಲಭ್ಯವನ್ನು ರೂಪಿಸಿದವರಲ್ಲಿ ಒಬ್ಬರಾದ ಲ್ಯಾರಿ ಟೆಸ್ಲರ್ (ಇವರು 2020ರಲ್ಲಿ ನಿಧನರಾದರು) ಇಂತಹ ಸ್ಥಿತಿಗಳನ್ನು ತೊಲಗಿಸುವುದನ್ನೇ ಜೀವನದ ವ್ರತ ಮಾಡಿಕೊಂಡಿದ್ದರು. ಅವರ ಕಾರಿನ ನಂಬರ್ ಪ್ಲೇಟಿನಲ್ಲೂ "ನೋ ಮೋಡ್ಸ್" ಎಂದೇ ಇತ್ತು!

ಇನ್ನು ಸ್ಕ್ರಾಲ್ ಲಾಕ್ ವಿಚಾರ. ನುಡಿಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಹೊರಳಲು ಆರಿಸಿಕೊಂಡ ಕೀಲಿ ಇದು. 1981ರ ಐಬಿಎಂ ಪಿಸಿಯ ಕೀಲಿಮಣೆಯಲ್ಲೇ ಈ ಕೀಲಿ ಇತ್ತು. ಬಾಣದ ಕೀಲಿ ಒತ್ತಿದಾಗ ಕರ್ಸರ್ ಬದಲು ಇಡೀ ಪುಟವೇ ಸರಿಯುವಂತೆ ಮಾಡುವುದು ಅದರ ಕೆಲಸ. ಎಕ್ಸೆಲ್‌ನಂತಹ ಬೆರಳೆಣಿಕೆಯ ತಂತ್ರಾಂಶಗಳನ್ನು ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಯಾರೂ ಮುಟ್ಟದ ಕೀಲಿ, ಅದಕ್ಕೊಂದು ಪುಟ್ಟ ಹಸಿರು ದೀಪ ಬೇರೆ. ದೀಪ ಉರಿದರೆ ಕನ್ನಡ, ಆರಿದರೆ ಇಂಗ್ಲಿಷ್. ನಿಜಕ್ಕೂ ಜಾಣ ಆಯ್ಕೆ ಎನ್ನಬೇಕು. ಆದರೆ ಲ್ಯಾಪ್‌ಟಾಪ್‌ಗಳು ಬಂದಂತೆ ಹಲವು ಕಂಪೆನಿಗಳು ಈ ಕೀಲಿಯನ್ನೇ ಕೈಬಿಟ್ಟವು. ಆಗ ಉಳಿದ ದಾರಿ ಎಂದರೆ ಪರದೆಯ ಮೇಲೆ ಕೀಲಿಮಣೆಯ ಚಿತ್ರವನ್ನು ತೆರೆಯುವುದು, ಮೌಸ್‌ನಿಂದ ಆ ಚಿತ್ರದಲ್ಲಿರುವ ಸ್ಕ್ರಾಲ್ ಲಾಕ್ ಒತ್ತುವುದು. "ಕನ್ನಡ ಹೇಗೆ ಬರುತ್ತದೆ ಸರ್?" ಎಂಬ ಪ್ರಶ್ನೆಗಿಂತ "ಸ್ಕ್ರಾಲ್ ಲಾಕ್ ಎಲ್ಲಿದೆ ಸರ್?" ಎಂಬ ಪ್ರಶ್ನೆಯನ್ನೇ ತರಬೇತಿಗಳಲ್ಲಿ ನಾನು ಹೆಚ್ಚು ಕೇಳಿದ್ದೇನೆ. ಪ್ರಶ್ನೆಪತ್ರಿಕೆಗೂ ಆ ಕೀಲಿಗೂ ಏನು ಸಂಬಂಧ?

ಇದು ಕಣ್ಣಿಗೆ ಕಾಣುವ ತೊಡಕು. ಕಾಣದ ತೊಡಕು ಇದಕ್ಕಿಂತ ಹಾನಿಕರ.

ನುಡಿಯ ಹಳೆಯ ಫಾಂಟಿನಲ್ಲಿ "ಕನ್ನಡ" ಎಂದು ಬರೆದು, ಆ ಕಡತವನ್ನು ನುಡಿ ಇಲ್ಲದ ಗಣಕದಲ್ಲಿ ತೆರೆಯಿರಿ. ಏಳು ಗುರುತುಗಳು ಕಾಣಿಸುತ್ತವೆ: ಇಂಗ್ಲಿಷಿನ ದೊಡ್ಡ "ಪಿ", ತಲೆಯ ಮೇಲೆ ಗೀರಿರುವ "ಎ", ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಗೀರಿನ "ಎ", ಜರ್ಮನ್ ಭಾಷೆಯ ಜೋಡಿ "ಎಸ್", ಚಿಕ್ಕ "ಕ್ಯೂ", ಮಗದೊಮ್ಮೆ ಗೀರಿನ "ಎ". ಇದೇನು ಹುಚ್ಚಾಟ ಎನ್ನಬೇಡಿ. ಇದರಲ್ಲಿ ಒಂದು ತರ್ಕವಿದೆ. ಮೂರು ಸಲ ಬಂದ ಗೀರಿನ "ಎ" ಬೇರೇನಲ್ಲ, ನಮ್ಮ ತಲೆಕಟ್ಟು. "ಪಿ" ಎಂದರೆ ತಲೆಕಟ್ಟು ಇಲ್ಲದ ಕ, ಪೌಂಡ್ ಎಂದರೆ ತಲೆಕಟ್ಟು ಇಲ್ಲದ ನ, ಜರ್ಮನ್ ಅಕ್ಷರ ನ-ಒತ್ತು, "ಕ್ಯೂ" ತಲೆಕಟ್ಟು ಇಲ್ಲದ ಡ. ಒಂದು ಬೈಟ್‌ನಲ್ಲಿ 256 ಸ್ಥಾನಗಳಷ್ಟೇ ಇರುವುದರಿಂದ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ್ದಾರೆ. ಹಳೆಯ ಅಚ್ಚುಮೊಳೆ ಜೋಡಿಸುವ ಕ್ರಮವನ್ನೇ ಗಣಕಕ್ಕೆ ತಂದಂತೆ. ವಿಂಡೋಸ್ 98ರ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ಕನ್ನಡದ ಯುನಿಕೋಡ್ ಸಂಕೇತಗಳಿಗೆ ಬೇಕಾದ ಸೌಲಭ್ಯ ಮತ್ತು "ತುಂಗಾ" ಫಾಂಟ್ ವಿಂಡೋಸ್‌ನಲ್ಲಿ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಅದರಲ್ಲೂ ಆ ಸೌಲಭ್ಯವನ್ನು ಬೇರೆಯಾಗಿ, ಸಿ.ಡಿ. ಹಾಕಿ ಅಳವಡಿಸಿಕೊಳ್ಳಬೇಕಿತ್ತು.

ಆದ್ದರಿಂದ ಆರಂಭದ ಆಯ್ಕೆಯನ್ನು ತಪ್ಪೆನ್ನಲಾರೆ. ತಪ್ಪು ಆಮೇಲಿನದು. ಯುನಿಕೋಡ್ ಕೈಗೆ ಬಂದ ಮೇಲೂ ವರ್ಷಗಟ್ಟಲೆ ನಾವು ತಲೆಕಟ್ಟುಗಳನ್ನೇ ಜೋಡಿಸುತ್ತ ಕುಳಿತೆವು. ಕಾಗದದ ಮೇಲೆ ಮುದ್ರಿಸಿದಾಗ ಚೆಂದ ಕಂಡರೆ ಸಾಕೆಂಬುದು ಒಂದೇ ಮಾನದಂಡವಾಯಿತು. ಗಣಕದ ದೃಷ್ಟಿಯಲ್ಲಿ ಅಲ್ಲಿ ಕನ್ನಡವೇ ಇಲ್ಲ, ಇರುವುದು ಪೌಂಡ್ ಗುರುತುಗಳು. ಹಾಗಾಗಿ ಆ ಕಡತಗಳಲ್ಲಿ ಯುನಿಕೋಡ್‌ನ "ಗುರುತ್ವ" ಪದವನ್ನು ಹುಡುಕಿದರೆ ಸಿಗುವುದಿಲ್ಲ. ಅಕಾರಾದಿಯಾಗಿ ಜೋಡಿಸಲು ಬರುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಗೆ ಪಠ್ಯವನ್ನು ಓದಿ ಹೇಳುವ ತಂತ್ರಾಂಶಗಳಿವೆ. ಅವು ಈ ಕಡತಗಳನ್ನು ಕನ್ನಡವೆಂದು ಗುರುತಿಸಲಾರವು. ಸಾವಿರಾರು ಶಾಲೆಗಳಲ್ಲಿ ಅಧ್ಯಾಪಕರು ರಾತ್ರಿ ಕುಳಿತು ಬೆರಳಚ್ಚಿಸಿದ ಟಿಪ್ಪಣಿಗಳು, ಪ್ರಶ್ನಕೋಶಗಳು, ಪ್ರಯೋಗ ಕೈಪಿಡಿಗಳು ಹೀಗೆ ಪೆಟ್ಟಿಗೆಯೊಳಗೆ ಉಳಿದಿವೆ, ಬೀಗದ ಕೈ ಫಾಂಟಿನಲ್ಲಿದೆ. ಪರಿವರ್ತಕ ತಂತ್ರಾಂಶಗಳಿವೆ ನಿಜ. ಕಥೆ, ಪ್ರಬಂಧಗಳಿಗೆ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಭೌತಶಾಸ್ತ್ರಕ್ಕೆ ಬಂದರೆ ಮಾತ್ರ ಎಡವುತ್ತವೆ. ಸೂತ್ರದಲ್ಲಿರುವ ಇಂಗ್ಲಿಷ್ ಅಕ್ಷರ ನಿಜವಾಗಿ ಇಂಗ್ಲಿಷೋ ಅಥವಾ ವೇಷ ಹಾಕಿದ ಕನ್ನಡವೋ ಎಂದು ಬರಿಯ ಪಠ್ಯವನ್ನು ನೋಡಿ ಹೇಳುವುದು ಸಾಧ್ಯವಿಲ್ಲವಲ್ಲ! ಪರಿವರ್ತಿಸಿದ ಮೇಲೆ ಪ್ರತಿಯೊಂದು ಸೂತ್ರವನ್ನೂ ಕಣ್ಣಿಟ್ಟು ನೋಡಿಯೇ ತೀರಬೇಕು.

ಈಗಿನ ನುಡಿ ಯುನಿಕೋಡ್‌ನಲ್ಲೂ ಬರೆಯುತ್ತದೆ. ಹಾಗಿದ್ದೂ ಹಳೆಯ ಅಭ್ಯಾಸದಿಂದ ಹಳೆಯ ಫಾಂಟಿನಲ್ಲೇ ಬರೆಯುವವರು ಇದ್ದಾರೆ. ಅವರಿಗೆ ನನ್ನದೊಂದು ವಿನಂತಿ: ಹೊಸದಾಗಿ ಬರೆಯುವುದನ್ನಾದರೂ ಯುನಿಕೋಡ್‌ನಲ್ಲಿ ಬರೆಯಿರಿ.

ಇಷ್ಟೆಲ್ಲ ದೋಷ ಹೇಳಿದ ಮೇಲೆ ನುಡಿಯಲ್ಲಿರುವ ಒಂದು ಅಪ್ಪಟ ಚಿನ್ನದ ಬಗ್ಗೆ ಹೇಳದಿದ್ದರೆ ಅನ್ಯಾಯವಾದೀತು. ಅದರ ಕೀಲಿಮಣೆಯ ವಿನ್ಯಾಸ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನು ಆಧರಿಸಿದ್ದು ಅದು. ಈಗ "ಕಗಪ" ಎಂಬ ಹೆಸರಿನಲ್ಲಿ ಲಿನಕ್ಸ್‌ನಲ್ಲೂ ಇದೆ. ನಮ್ಮ ಜಿಲ್ಲೆಯವರು ಮಾಡಿದ್ದೆಂಬ ಅಭಿಮಾನಕ್ಕೆ ಹೇಳುತ್ತಿಲ್ಲ. ಲೆಕ್ಕ ಹಾಕಿ ನೋಡಿ. "ಶಕ್ತಿ" ಎಂಬ ಪದವನ್ನು ಬರಹದ ಲಿಪ್ಯಂತರ ಕ್ರಮದಲ್ಲಿ, ಅಂದರೆ ಇಂಗ್ಲಿಷ್ ಕಾಗುಣಿತದಲ್ಲಿ ಬರೆಯಲು ಆರು ಕೀಲಿ ಬೇಕು. ರಾವ್ ವಿನ್ಯಾಸದಲ್ಲಿ ಐದು. "ಕನ್ನಡ" ಪದಕ್ಕೆ ಅಲ್ಲಿ ಏಳು, ಇಲ್ಲಿ ಐದು. ಕಾರಣವೇನು? ಕನ್ನಡದ ವ್ಯಂಜನದಲ್ಲಿ ಅಕಾರ ಅಡಕವಾಗಿಯೇ ಇರುತ್ತದೆ. ಇರುವುದನ್ನು ಮತ್ತೆ ಏಕೆ ಒತ್ತಬೇಕು? ವ್ಯಂಜನ ಒತ್ತಿದರೆ ಕ. ಬೇರೆ ಸ್ವರ ಬೇಕಿದ್ದರೆ ಮಾತ್ರ ಅದನ್ನು ಸೇರಿಸಿ. ಒತ್ತಕ್ಷರ ಬೇಕಿದ್ದರೆ ನಡುವೆ "ಎಫ್" ಒತ್ತಿ. ಮಹಾಪ್ರಾಣಕ್ಕೆ ಶಿಫ್ಟ್. ಒಂದನೇ ತರಗತಿಯಲ್ಲಿ ಕಲಿತ ಕಾಗುಣಿತವೇ ಇಲ್ಲಿ ಕೀಲಿಮಣೆಯ ವ್ಯಾಕರಣ. ಬೇಕಾದ್ದೆಲ್ಲ ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳ ಒಳಗೇ ಮುಗಿಯುತ್ತದೆ.

ಹಾಗಾದರೆ ಬರಹದ ಕ್ರಮ ಕೆಟ್ಟದ್ದೇ? ಹಾಗಲ್ಲ. ಇಂಗ್ಲಿಷ್ ಅಕ್ಷರ ಬಲ್ಲವರು ಯಾವ ತರಬೇತಿಯೂ ಇಲ್ಲದೆ ಮೊದಲ ದಿನವೇ ಅದರಲ್ಲಿ ಬರೆಯಬಹುದು. ರಾವ್ ವಿನ್ಯಾಸದಲ್ಲಿ ಟ ಅಕ್ಷರಕ್ಕೆ "ಡಬ್ಲ್ಯು", ಡ ಅಕ್ಷರಕ್ಕೆ "ಕ್ಯೂ" ಒತ್ತಬೇಕೆಂದು ಯಾರೂ ಊಹಿಸಲಾರರು, ಕಲಿಯಲೇಬೇಕು. ಬಳಕೆಯ ಸುಲಭತೆ ಎಂಬುದು ಒಂದೇ ಭೌತಪರಿಮಾಣವಲ್ಲ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಕಲಿಯಲು ಸುಲಭ ಎಂಬುದು ಒಂದು, ಕಲಿತ ಮೇಲೆ ಸುಲಭ ಎಂಬುದು ಇನ್ನೊಂದು. ತಿಂಗಳಿಗೊಮ್ಮೆ ಕಾಗದ ಬರೆಯುವವರಿಗೆ ಲಿಪ್ಯಂತರ ಸಾಕು. ವಾರಕ್ಕೆ ಹತ್ತು ಪುಟ ಬರೆಯುವ ಅಧ್ಯಾಪಕರು ಒಂದು ವಾರ ಕಷ್ಟಪಟ್ಟು ಕಗಪ ಕಲಿಯುವುದು ಒಳ್ಳೆಯದು. ಇನ್‌ಸ್ಕ್ರಿಪ್ಟ್ ಎಂಬ ಮೂರನೆಯ ವಿನ್ಯಾಸವೂ ವಿಂಡೋಸ್‌ನಲ್ಲಿ ಬರುತ್ತದೆ. ಭಾರತದ ಹಲವು ಲಿಪಿಗಳಿಗೆ ಒಂದೇ ಜೋಡಣೆ ಎಂಬುದು ಅದರ ಹೆಚ್ಚುಗಾರಿಕೆ. ಕೀಲಿಗಳ ಮೇಲೆ ಕನ್ನಡ ಅಕ್ಷರ ಮುದ್ರಿತವಾಗಿಲ್ಲದ ಕಾರಣ ಅದನ್ನು ಕಲಿಯುವವರು ಕಡಿಮೆ.

ಯುನಿಕೋಡ್ ಬಂದ ಕೂಡಲೇ ಎಲ್ಲ ಸರಿಹೋಯಿತೆಂದೂ ತಿಳಿಯಬಾರದು. "ಓಮ್‌ನ ನಿಯಮ" ಎಂದು ಬರೆಯಬೇಕಾದರೆ ಮ್ ಮತ್ತು ನ ನಡುವೆ ಕಣ್ಣಿಗೆ ಕಾಣದ, ಅಗಲವೂ ಇಲ್ಲದ ಒಂದು ಸಂಕೇತ ಹಾಕಬೇಕು. ಹಾಕದಿದ್ದರೆ "ಓಮ್ನ" ಎಂದು ಒತ್ತಕ್ಷರವಾಗುತ್ತದೆ. ಒಬ್ಬರು ಅದನ್ನು ಹಾಕಿ ಬರೆದಿದ್ದರೆ, ಇನ್ನೊಬ್ಬರು ಹಾಕದೆ ಹುಡುಕಿದರೆ, ಎರಡೂ ಬೇರೆ ಪದಗಳೆಂದು ಹೇಳುವ ತಂತ್ರಾಂಶಗಳಿವೆ. ಕಾಣದ ಅಕ್ಷರವನ್ನು ಹುಡುಕುವುದು ಹೇಗೆ? ಇದನ್ನು ನಿಭಾಯಿಸಬೇಕಾದ್ದು ತಂತ್ರಾಂಶ, ಅಧ್ಯಾಪಕರಲ್ಲ.

ಈಗ ಇದೇ ಅಳತೆಗೋಲನ್ನು ಹಿಡಿದು ಕೆಲವು ಜಾಲತಾಣಗಳಿಗೆ ಹೋಗೋಣ. ವಿಜ್ಞಾನದ ಅಧ್ಯಾಪಕರು ನೋಡಲೇಬೇಕಾದ, ಸ್ವಲ್ಪ ವಿಚಿತ್ರವೇ ಎನ್ನಬಹುದಾದ ತಾಣಗಳಿವು.

ಮೊದಲನೆಯದು ಜೋಶ್ ವರ್ತ್ ಎಂಬ ವಿನ್ಯಾಸಕಾರ 2014ರಲ್ಲಿ ಮಾಡಿದ್ದು, "ಚಂದ್ರ ಒಂದೇ ಒಂದು ಪಿಕ್ಸೆಲ್ ಆಗಿದ್ದರೆ" ಎಂಬ ಅರ್ಥದ ಹೆಸರಿನ ಪುಟ. ಚಂದ್ರನ ವ್ಯಾಸ ಸುಮಾರು 3,475 ಕಿ.ಮೀ. ಅದನ್ನು ಪರದೆಯ ಒಂದು ಚುಕ್ಕಿಯೆಂದು ಇಟ್ಟುಕೊಂಡರೆ ಭೂಮಿ ಮೂರೂವರೆ ಚುಕ್ಕಿಗಿಂತ ತುಸು ದೊಡ್ಡದು, ಸೂರ್ಯ ನಾನೂರು ಚುಕ್ಕಿ. ಸೂರ್ಯನಿಂದ ಭೂಮಿಗೆ ಸುಮಾರು 43,000 ಚುಕ್ಕಿ ದೂರ. 1,366 ಚುಕ್ಕಿ ಅಗಲದ ಪರದೆಯಲ್ಲಿ ಮೂವತ್ತೊಂದೂವರೆ ಪರದೆಯಷ್ಟು ಬಲಕ್ಕೆ ಸರಿಸಬೇಕು. ಪ್ಲೂಟೊ ತಲಪಲು ಸಾವಿರದ ಇನ್ನೂರಕ್ಕೂ ಹೆಚ್ಚು ಪರದೆ! ಬಳಕೆದಾರನನ್ನು ಹೀಗೆ ಅಡ್ಡಡ್ಡ ಓಡಿಸುವುದು ಸಾಮಾನ್ಯವಾಗಿ ವಿನ್ಯಾಸದ ಮಹಾಪರಾಧ. ಇಲ್ಲಿ ಆ ಬೇಸರವೇ ಪಾಠ. ಪಠ್ಯಪುಸ್ತಕದಲ್ಲಿ ಎಲ್ಲ ಗ್ರಹಗಳೂ ಒಂದೇ ಪುಟದಲ್ಲಿ ಸಾಲಾಗಿ ನಿಂತ ಚಿತ್ರ ಎಷ್ಟು ದೊಡ್ಡ ಸುಳ್ಳು ಎಂಬುದು ಖಾಲಿ ಕಪ್ಪು ಪರದೆಯನ್ನು ಸರಿಸುತ್ತ ಹೋದಾಗ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ಬೆಳಕಿನ ವೇಗದಲ್ಲಿ ತಾನೇ ಸರಿಯುವ ಗುಂಡಿಯೂ ಇದೆ. ಅದನ್ನು ಒತ್ತಿ, ಎಂಟು ನಿಮಿಷ ಇಪ್ಪತ್ತು ಸೆಕೆಂಡು ಏನೂ ಮಾತಾಡದೆ ತರಗತಿಯನ್ನು ಕಾಯಿಸಿ ನೋಡಿ.

ಎರಡನೆಯದು ಪಾಲ್ ಫಾಲ್‌ಸ್ಟಾಡ್ ಅವರ ವಿದ್ಯುತ್ ಮಂಡಲ ಪ್ರತಿಕೃತಿ. ಮೊದಲು ಜಾವಾದಲ್ಲಿದ್ದ ಇದನ್ನು ಇಯಾನ್ ಶಾರ್ಪ್ ಜಾವಾಸ್ಕ್ರಿಪ್ಟಿಗೆ ತಂದರು. ಹೊರನೋಟದಲ್ಲಿ ಯಾವ ಥಳಕೂ ಇಲ್ಲ. ಹೆಸರು ನೋಂದಾಯಿಸಿ, ಗುಪ್ತಪದ ಕೊಡಿ ಎಂಬ ಕಾಟವಿಲ್ಲ. ಪುಟ ತೆರೆದ ಕೂಡಲೇ ಒಂದು ಮಂಡಲ ಆಗಲೇ ಕೆಲಸ ಮಾಡುತ್ತಿರುತ್ತದೆ. ತಂತಿಯಲ್ಲಿ ಹಳದಿ ಚುಕ್ಕಿಗಳು ಓಡುತ್ತಿರುತ್ತವೆ, ಧನ ವಿಭವ ಹಸಿರು, ಋಣ ವಿಭವ ಕೆಂಪು. ಏನನ್ನೂ ಓದದೆ ಮಕ್ಕಳು ಸ್ವಿಚ್ ಒತ್ತಲು ತೊಡಗುತ್ತಾರೆ. ಹೀಗಿರಬೇಕು ಸ್ವಾಗತ. ನನ್ನದೊಂದು ಆಕ್ಷೇಪವಿದೆ. ಆ ಚುಕ್ಕಿಗಳ ವೇಗ ನೋಡಲು ಅನುಕೂಲವಾಗುವಂತೆ ಇಟ್ಟದ್ದು, ಬೇಕಾದಂತೆ ಬದಲಿಸಬಹುದು. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ಹರಿಯುವಾಗ ಇಲೆಕ್ಟ್ರಾನ್‌ಗಳ ಸರಾಸರಿ ಸರಿತದ ವೇಗ ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್. ಒಂದು ಮೀಟರ್ ಸಾಗಲು ಮೂರು ಮುಕ್ಕಾಲು ಗಂಟೆ! ಅಧ್ಯಾಪಕರು ಇದನ್ನು ಹೇಳದಿದ್ದರೆ ಚೆಂದದ ಚಿತ್ರವೇ ತಪ್ಪು ಕಲ್ಪನೆಯನ್ನು ಬಿತ್ತುತ್ತದೆ.

ಮೂರನೆಯದು ಕ್ಯಾಮರನ್ ಬೆಕಾರಿಯೊ 2013ರಲ್ಲಿ ತೆರೆದ ಗಾಳಿಯ ಭೂಪಟ. ನಲ್‌ಸ್ಕೂಲ್ ಎಂಬ ತಾಣದಲ್ಲಿದೆ. ಇಡೀ ಭೂಗೋಳದ ಮೇಲೆ ಗಾಳಿ ಹರಿಯುವುದನ್ನು ಎಳೆಎಳೆಯಾಗಿ ತೋರಿಸುತ್ತದೆ. ಜುಲೈ ತಿಂಗಳಲ್ಲಿ ಎತ್ತರವನ್ನು 850 ಹೆಕ್ಟೊಪ್ಯಾಸ್ಕಲ್‌ಗೆ, ಅಂದರೆ ಸುಮಾರು ಒಂದೂವರೆ ಕಿಲೋಮೀಟರ್‌ಗೆ ಇಟ್ಟು ನೋಡಿದರೆ ಸೊಮಾಲಿಯಾದ ಬಳಿಯಿಂದ ಹೊರಟ ಗಾಳಿ ಅರಬೀ ಸಮುದ್ರ ದಾಟಿ ನಮ್ಮ ಘಟ್ಟಕ್ಕೆ ಬಂದು ಬಡಿಯುವುದು ಕಾಣುತ್ತದೆ. ನೋಡಲು ಇದಕ್ಕಿಂತ ಸುಂದರವಾದ ತಾಣ ನನಗೆ ಗೊತ್ತಿಲ್ಲ. ಬಳಕೆಯಲ್ಲಿ ಮಾತ್ರ ಒಂದು ಒಗಟು: ಎತ್ತರ, ದಿನಾಂಕ ಬದಲಿಸುವ ಪಟ್ಟಿ ಎಲ್ಲೂ ಕಾಣುವುದಿಲ್ಲ. ಮೂಲೆಯಲ್ಲಿರುವ "ಅರ್ಥ್" ಎಂಬ ಪದವನ್ನು ಒತ್ತಿದರೆ ತೆರೆದುಕೊಳ್ಳುತ್ತದೆ. ಹೇಳಿಕೊಡುವವರಿಲ್ಲದೆ ಇದು ಹೊಳೆಯುವುದು ಕಷ್ಟ. ಹಿಂದಿನ ದಿನಗಳಿಗೂ ಹೋಗಬಹುದು. 2022ರ ಆಗಸ್ಟ್ ಆರಂಭದಲ್ಲಿ ಹರಿಹರ, ಕೊಲ್ಲಮೊಗ್ರು, ಕಲ್ಮಕಾರು ಭಾಗದಲ್ಲಿ ನೆರೆ ಬಂದ ದಿನವನ್ನು ತೆರೆಯಲು ಮಕ್ಕಳಿಗೆ ಹೇಳಿ. ನಮ್ಮ ಹೊಳೆ ಉಕ್ಕಿದ್ದು ಅದರಲ್ಲಿ ಕಾಣುವುದಿಲ್ಲ. ಏಕೆ ಕಾಣುವುದಿಲ್ಲ ಎಂಬುದೇ ಅಂದಿನ ಪಾಠ. ಅದು ತೋರಿಸುವುದು ನೇರ ವೀಕ್ಷಣೆಯನ್ನಲ್ಲ, ಗಣಕದ ಮಾದರಿಯನ್ನು. ಆ ಮಾದರಿಯ ಬಲೆಯ ಕಣ್ಣುಗಳ ಅಗಲ ಹತ್ತಾರು ಕಿಲೋಮೀಟರ್; ಒಂದು ಊರಿನ ಮೇಲೆ ಸುರಿದ ಮಳೆ ಆ ಕಣ್ಣಿನಲ್ಲಿ ನುಸುಳಿ ಹೋಗುತ್ತದೆ.

ಈ ಮೂರಕ್ಕೂ ನೆಟ್ ಬೇಕು, ಮೂರರಲ್ಲೂ ಇಂಗ್ಲಿಷ್ ಇಲ್ಲದೆ ಪೂರ್ತಿ ಲಾಭ ಸಿಗದು. ಹಾಗಾಗಿ ಕೊಲ್ಲಮೊಗ್ರಿನ ಪರೀಕ್ಷೆಯಲ್ಲಿ ಪ್ರಥಮ ಸ್ಥಾನವನ್ನು ನಾನು ಕೊಡುವುದು ಫೆಟ್ ತಾಣಕ್ಕೆ. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೈಮನ್ ಮರುವರ್ಷ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಇದನ್ನು ಆರಂಭಿಸಿದರು. ಇದರ ಹಳೆಯ ಪ್ರತಿಕೃತಿಗಳು ಜಾವಾ ಮತ್ತು ಫ್ಲ್ಯಾಶ್‌ನಲ್ಲಿದ್ದವು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಬೆಂಬಲ ಕೊನೆಗೊಂಡಾಗ ಜಗತ್ತಿನ ಎಷ್ಟೋ ವಿಜ್ಞಾನ ತಾಣಗಳು ಒಮ್ಮೆಲೇ ಖಾಲಿ ಚೌಕಗಳಾದವು, ನಮ್ಮ ಹಳೆಯ ಫಾಂಟಿನ ಕಡತಗಳಂತೆಯೇ. ಫೆಟ್ ಅದಕ್ಕೆ ಮೊದಲೇ ತನ್ನ ಮುಖ್ಯ ಪ್ರತಿಕೃತಿಗಳನ್ನು ಎಚ್‌ಟಿಎಂಎಲ್5ಕ್ಕೆ ಬದಲಿಸತೊಡಗಿತ್ತು. ಈಗ ಒಂದು ಪ್ರತಿಕೃತಿ ಎಂದರೆ ಒಂದೇ ಕಡತ. ನೆಟ್ ಇರುವಾಗ ಇಳಿಸಿಕೊಂಡು ಪೆನ್ ಡ್ರೈವಿಗೆ ಹಾಕಿಕೊಂಡರೆ ಆಯಿತು, ಆಮೇಲೆ ಸಂಪರ್ಕ ಬೇಕಿಲ್ಲ. ಅಳವಡಿಸುವ ಗೊಡವೆಯೂ ಇಲ್ಲ. ವಿದ್ಯುತ್ ಮಂಡಲದ ಪ್ರತಿಕೃತಿಯಲ್ಲಿ ಬ್ಯಾಟರಿಯ ಎರಡು ಕೊನೆಗಳನ್ನು ನೇರವಾಗಿ ಜೋಡಿಸಿದರೆ ಬೆಂಕಿ ಹತ್ತುತ್ತದೆ. ವಾಹಕವೋ ಅವಾಹಕವೋ ಎಂದು ಪರೀಕ್ಷಿಸಲು ನಾಣ್ಯ, ಪೆನ್ಸಿಲ್‌ಗಳ ಜೊತೆಗೆ ಒಂದು ನಾಯಿಯನ್ನೂ ಕೊಟ್ಟಿದ್ದಾರೆ! ಮಕ್ಕಳು ಮೊದಲು ಜೋಡಿಸುವುದು ಅದನ್ನೇ. ನಿಜವಾದ ಪ್ರಯೋಗಶಾಲೆಯಲ್ಲಿ ಮಾಡಬಾರದ್ದನ್ನು ಮಾಡಿ ನೋಡಲು ಇಲ್ಲಿ ಅವಕಾಶವಿದೆ.

ಎಲ್ಲಕ್ಕಿಂತ ಮುಖ್ಯ, ಫೆಟ್‌ನ ಹಲವು ಪ್ರತಿಕೃತಿಗಳು ಕನ್ನಡದಲ್ಲಿಯೂ ಇವೆ. ಅನುವಾದ ಸ್ವಯಂಸೇವಕರದ್ದು. ಆದ್ದರಿಂದ ತರಗತಿಗೆ ಹೋಗುವ ಮೊದಲು ಪರದೆಯ ಮೇಲಿನ ಪದವೂ ಪಠ್ಯಪುಸ್ತಕದ ಪದವೂ ಒಂದೇ ಆಗಿವೆಯೇ ಎಂದು ನೋಡಿಕೊಳ್ಳಬೇಕು. ಪುಸ್ತಕದಲ್ಲಿ "ವಿಭವಾಂತರ" ಎಂದು ಓದಿದ ಮಗು ಪರದೆಯಲ್ಲಿ ಬೇರೆ ಪದ ಕಂಡರೆ ಅದು ಬೇರೆಯೇ ಪರಿಮಾಣವೆಂದು ತಿಳಿದೀತು. ಇನ್ನೂ ಕನ್ನಡಕ್ಕೆ ಬಾರದವನ್ನು ಅನುವಾದಿಸಲು ಬೇಕಾದ ಸಲಕರಣೆಯನ್ನು ಆ ತಾಣದವರೇ ಕೊಡುತ್ತಾರೆ. ಒಂದು ಕಡೆ ಇಂಗ್ಲಿಷ್ ಪದ, ಪಕ್ಕದ ಖಾಲಿ ಜಾಗದಲ್ಲಿ ಕನ್ನಡ ಪದ. ಒಂದು ಪ್ರತಿಕೃತಿಗೆ ಕೆಲವು ಡಜನ್ ಪದಗಳಷ್ಟೇ ಇರುವುದುಂಟು. ಪಾಠ ಮಾಡುವ ಅಧ್ಯಾಪಕರಿಗಿಂತ ಚೆನ್ನಾಗಿ ಆ ಪದಗಳನ್ನು ಬಲ್ಲವರು ಯಾರು? ಆ ಖಾಲಿ ಜಾಗದಲ್ಲಿ ಬರೆಯಬೇಕಾದ್ದು ಯುನಿಕೋಡ್ ಕನ್ನಡದಲ್ಲಿ. ಹಳೆಯ ಫಾಂಟಿನಿಂದ ನಕಲಿಸಿ ಅಂಟಿಸಿದರೆ ಅಲ್ಲಿ ಬಂದು ಕೂರುವುದು ಪೌಂಡ್ ಗುರುತುಗಳೇ.